ಕಿರಣ ಚಿಕಿತ್ಸೆಯ ಬಳಲಿಕೆ: ಮನೆಯವರು ಗುರುತಿಸುವುದು ಹೇಗೆ?



ತೋಟದಲ್ಲಿ ಒಂದು ತೆಂಗಿನ ಮರದ ಗರಿ ಕೊಂಚ ಜೋತು ಬಿದ್ದರೂ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಹರಳು ಉದುರಿದರೆ ನೀರು ಸಾಲದೋ, ನುಸಿ ಬಿದ್ದಿತೋ, ಬುಡಕ್ಕೆ ಅಣಬೆ ರೋಗ ತಗಲಿತೋ ಎಂದು ವಿಚಾರ ಮಾಡುತ್ತೇವೆ. ಮರಕ್ಕೆ ಸೋಮಾರಿತನ ಬಂದಿದೆ ಎಂದು ಯಾರೂ ಹೇಳುವುದಿಲ್ಲ. ಆದರೆ ಮನೆಯ ಹೆಣ್ಣುಮಗಳು ಜೋತು ಬಿದ್ದು ಕುಳಿತಾಗ ಅಷ್ಟು ವಿಚಾರ ಮಾಡುವವರು ಕಡಿಮೆ. ಅದರಲ್ಲಿಯೂ ಆಕೆ ಸ್ತನದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು, ಈಗ ಕಿರಣ ಚಿಕಿತ್ಸೆಗೆ ಹೋಗಿ ಬರುತ್ತಿದ್ದರೆ ಈ ವಿಚಾರ ಬಹಳ ಅಗತ್ಯ.

ಹಳೆಯ ಪುಸ್ತಕಗಳಲ್ಲಿ ಏಡಿಗಂತಿ, ಅರ್ಬುದ ಎಂದು ಬರೆಯುತ್ತಿದ್ದ ರೋಗವೇ ಕ್ಯಾನ್ಸರ್. ಇಂದು ಭಾರತದ ಹೆಂಗಸರಲ್ಲಿ ಎಲ್ಲ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಕಾಣುವುದು ಸ್ತನದ ಕ್ಯಾನ್ಸರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಚಿಕಿತ್ಸೆಗೆ ಬೆಂಗಳೂರಿಗೆ ಹೋಗುವವರು ಅನೇಕರು. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯ ಹೆಸರನ್ನು ಕೇಳದ ಹಳ್ಳಿ ನಮ್ಮಲ್ಲಿ ಇರಲಾರದು.

ನಮ್ಮ ಜನ ಈ ಚಿಕಿತ್ಸೆಯನ್ನು "ಕರೆಂಟು ಕೊಡುವುದು" ಎನ್ನುತ್ತಾರೆ. ಈ ಹೆಸರಿನಿಂದಲೇ ಅರ್ಧ ಭಯ ಹುಟ್ಟುತ್ತದೆ. ಮೈಗೆ ವಿದ್ಯುತ್ತನ್ನು ಹರಿಸುವುದಿಲ್ಲ. ಮುರಿದ ಮೂಳೆಯ ಚಿತ್ರ ತೆಗೆಯುವ ಎಕ್ಸ್-ರೇ ಇದೆಯಲ್ಲ, ಅದಕ್ಕಿಂತ ಬಹು ಪಾಲು ಶಕ್ತಿಯುಳ್ಳ ಕಿರಣವನ್ನು ಗುರುತು ಮಾಡಿದ ಜಾಗಕ್ಕೆ ಮಾತ್ರ ಬಿಡುತ್ತಾರೆ. ಆಪರೇಷನ್ ಆದ ಮೇಲೂ ಕಣ್ಣಿಗೆ ಕಾಣದಂತೆ ಉಳಿದಿರಬಹುದಾದ ರೋಗದ ಕಣಗಳನ್ನು ಅದು ಕೊಲ್ಲುತ್ತದೆ. ಮೇಜಿನ ಮೇಲೆ ಮಲಗಿಸಿ, ಸರಿಹೊಂದಿಸಿ, ಎಬ್ಬಿಸುವವರೆಗೆ ಸುಮಾರು ಕಾಲು ಗಂಟೆ. ಕಿರಣ ಬೀಳುವುದು ಕೆಲವೇ ನಿಮಿಷ. ಆಗ ನೋವಿಲ್ಲ. ಟಾರ್ಚು ಆರಿಸಿದರೆ ಬೆಳಕು ಹೋಗುವ ಹಾಗೆ, ಯಂತ್ರ ನಿಂತರೆ ಕಿರಣವೂ ಇಲ್ಲ. ಹೊರಗಿನಿಂದ ಯಂತ್ರದ ಮೂಲಕ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದ ತಾಯಿ ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ಚಾಪೆಯಲ್ಲಿ ಮಲಗಬಹುದು. ತಟ್ಟೆ ಲೋಟ ಬೇರೆ ಇಡುವ ಅಗತ್ಯ ಯಾವತ್ತಿಗೂ ಇಲ್ಲ.

ವಾರಕ್ಕೆ 5 ದಿನ, ಸೋಮವಾರದಿಂದ ಶುಕ್ರವಾರದವರೆಗೆ ಈ ಚಿಕಿತ್ಸೆ ನಡೆಯುತ್ತದೆ. ಹಿಂದೆ 5 ವಾರ, 25 ಸಲ ಕೊಡುವುದು ವಾಡಿಕೆಯಾಗಿತ್ತು. ಈಗ ಅನೇಕರಿಗೆ 3 ವಾರ, 15 ಅಥವಾ 16 ಸಲ ಸಾಕಾಗುತ್ತದೆ. ಕೆಲವರಿಗೆ ಕಡೆಯಲ್ಲಿ ಇನ್ನೂ ನಾಲ್ಕಾರು ಸಲ ಸೇರಿಸುವುದುಂಟು. ಯಾರಿಗೆ ಎಷ್ಟೆಂಬುದನ್ನು ವೈದ್ಯರು ರೋಗ ನೋಡಿ ನಿಗದಿ ಮಾಡುತ್ತಾರೆ.

ಮೂವರ ಮೂರು ತಪ್ಪು ಲೆಕ್ಕ

ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಒಂದು ಸಂಗತಿಯನ್ನು ನೋಡೋಣ. ಸೊಸೆ ಎರಡು ವಾರ ಬೆಂಗಳೂರಿನಲ್ಲಿದ್ದು ಚಿಕಿತ್ಸೆ ಪಡೆದು, ಶುಕ್ರವಾರ ರಾತ್ರಿ ರೈಲಿಳಿದು ಊರಿಗೆ ಬಂದಿದ್ದಾಳೆ. ಶನಿವಾರ ಬಿಸಿಲೇರಿದರೂ ಎದ್ದಿಲ್ಲ.

"ಎದ್ದೇಳವ್ವಾ, ಹೊತ್ತು ಎಲ್ಲಿಗೆ ಬಂತು ನೋಡು. ಆಪರೇಷನ್ ಆಗಿ ತಿಂಗಳುಗಳಾದವು, ಇನ್ನೂ ಏನು ಸುಸ್ತು?" ಎನ್ನುತ್ತಾರೆ ಅತ್ತೆ.

"ಏನಿಲ್ಲ ಅತ್ತೆಮ್ಮ, ಎದ್ದೆ" ಎಂದು ಸೊಸೆ ಎದ್ದು ಒಲೆಯ ಮುಂದೆ ಬರುತ್ತಾಳೆ. ಮುದ್ದೆ ತಿರುವುವಾಗ ಅರ್ಧಕ್ಕೇ ಕೋಲು ಬಿಟ್ಟು ಗೋಡೆ ಹಿಡಿದುಕೊಳ್ಳುತ್ತಾಳೆ. ಕಾಯಿ ಸುಲಿಸಿ ಆಗ ತಾನೇ ಒಳಗೆ ಬಂದ ಗಂಡ ಇದನ್ನು ಕಂಡು ಮಾತಾಡದೆ ಹೊರಗೆ ಹೋಗಿ ಜಗಲಿಯ ಮೇಲೆ ಕೂರುತ್ತಾನೆ. ಕಾಯಿಲೆ ಮೈಗೆಲ್ಲ ಹರಡಿರಬೇಕು, ಇನ್ನು ಬೆಂಗಳೂರಿಗೆ ಅಲೆದಾಡಿ ಏನು ಫಲ ಎಂಬುದು ಅವನ ಮನಸ್ಸಿನಲ್ಲಿರುವ ಮಾತು. ಸೊಸೆಯ ಮನಸ್ಸಿನಲ್ಲಿರುವುದು ಬೇರೆ. ತನ್ನಿಂದ ಮನೆಗೆ ಖರ್ಚಾಯಿತು, ಈಗ ಕೆಲಸಕ್ಕೂ ಬಾರದವಳಾದೆ, ಸುಸ್ತೆಂದು ಬಾಯಿ ಬಿಟ್ಟರೆ ನಾಚಿಕೆ.

ಅತ್ತೆ ಇದನ್ನು ಮೈಗಳ್ಳತನವೆಂದಳು. ಗಂಡ ರೋಗ ಹೆಚ್ಚಿತೆಂದುಕೊಂಡ. ಹೆಂಡತಿ ತನ್ನದೇ ತಪ್ಪೆಂದುಕೊಂಡಳು. ಮೂರೂ ಸರಿಯಲ್ಲ. ಇದು ಚಿಕಿತ್ಸೆಯಿಂದ ಬರುವ ಬಳಲಿಕೆ. ಕಿರಣ ಚಿಕಿತ್ಸೆ ಪಡೆಯುವವರಲ್ಲಿ ಅತಿ ಹೆಚ್ಚು ಮಂದಿಗೆ ಬರುವ ತೊಂದರೆಗಳಲ್ಲಿ ಇದೊಂದು. ರೋಗ ಹರಡಿತೆಂಬುದಕ್ಕೆ ಇದು ಗುರುತಲ್ಲ. ಗಂಡನ ಲೆಕ್ಕವೇ ಮೂರರಲ್ಲಿ ಹೆಚ್ಚು ಅಪಾಯದ್ದು. ಅದನ್ನು ನಂಬಿ ಉಳಿದ ಸರದಿಗಳನ್ನು ಬಿಡಿಸಿದರೆ ಮಾಡಿದ ಚಿಕಿತ್ಸೆಯ ಫಲವೂ ಕುಂದುತ್ತದೆ, ರೋಗ ಮರಳಿ ಬರಲು ದಾರಿಯಾಗುತ್ತದೆ.

ಸಾಮಾನ್ಯ ದಣಿವಿಗೂ ಇದಕ್ಕೂ ಇರುವ ವ್ಯತ್ಯಾಸ

ಇದನ್ನು ಬಾವಿಯ ಉದಾಹರಣೆಯಿಂದ ತಿಳಿಯಬಹುದು. ಒಳ್ಳೆಯ ಒರತೆಯುಳ್ಳ ಬಾವಿಯನ್ನು ಸಂಜೆಗೆ ಬರಿದು ಮಾಡಿದರೂ ಬೆಳಗಾಗುವ ಹೊತ್ತಿಗೆ ನೀರು ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ದಿನವಿಡೀ ಕಾಯಿ ಹೊತ್ತವನ ದಣಿವು ಇಂಥದು; ಒಂದು ರಾತ್ರಿಯ ನಿದ್ದೆಯಿಂದ ತುಂಬಿಕೊಳ್ಳುತ್ತದೆ. ಒರತೆಯೇ ಸೊರಗಿದ ಬಾವಿಯಲ್ಲಿ ಬೆಳಗ್ಗೆ ನೋಡಿದರೂ ಮೊಳಕಾಲುದ್ದ ನೀರು. ಕಿರಣದ ಬಳಲಿಕೆ ಈ ಎರಡನೆಯ ಬಗೆಯದು. ಕೆಲಸ ಮಾಡದೆಯೂ ಬರುತ್ತದೆ, ಮಲಗಿ ಎದ್ದರೂ ಹೋಗುವುದಿಲ್ಲ.

ಮೊದಲ ದಿನಗಳಲ್ಲಿ ಇದು ಕಾಣಿಸದು. "ಏನೂ ಆಗಲಿಲ್ಲವಲ್ಲ" ಎಂದು ಎಲ್ಲರೂ ನಿರಾಳರಾಗುತ್ತಾರೆ. ಎರಡನೆಯ, ಮೂರನೆಯ ವಾರದ ಸುಮಾರಿಗೆ ಸದ್ದಿಲ್ಲದೆ ಸೇರಿಕೊಂಡು ದಿನದಿನಕ್ಕೆ ಏರುತ್ತದೆ. ಹೆಚ್ಚಿನವರಲ್ಲಿ ಚಿಕಿತ್ಸೆಯ ಕಡೆಯ ವಾರದಲ್ಲಿ ಅಥವಾ ಮುಗಿದ ಮೇಲಿನ ಒಂದೆರಡು ವಾರಗಳಲ್ಲಿ ಅತಿ ಹೆಚ್ಚಾಗಿರುತ್ತದೆ. ಈ ಕಡೆಯ ಮಾತನ್ನು ಮನೆಯವರು ಗಟ್ಟಿಯಾಗಿ ನೆನಪಿಡಬೇಕು. "ಕರೆಂಟು ಮುಗಿಯಿತು, ಇನ್ನು ಎಲ್ಲಾ ಸರಿಯಾಯಿತು" ಎಂದು ಮನೆ, ಕೊಟ್ಟಿಗೆ ಎರಡನ್ನೂ ಆಕೆಗೆ ಒಪ್ಪಿಸುವುದು ಸರಿಯಾಗಿ ಆ ವಾರದಲ್ಲಿಯೇ. ಕಿರಣಕ್ಕೆ ಮುಂಚೆ ಔಷಧದ ಬಾಟಲಿಗಳ ಚಿಕಿತ್ಸೆ, ಅಂದರೆ ಕೀಮೋ, ಪಡೆದಿದ್ದವರಿಗೆ ಬಳಲಿಕೆ ಇನ್ನೂ ಹೆಚ್ಚಿರಬಹುದು. ಕೆಲವರಿಗೆ ಹೇಳಿಕೊಳ್ಳುವಷ್ಟು ಬಾರದೆಯೂ ಹೋಗಬಹುದು.

ಏತಕ್ಕೆ ಬರುತ್ತದೆ? ಕಿರಣ ಬಿದ್ದ ಜಾಗದ ಒಳ್ಳೆಯ ಮಾಂಸಕ್ಕೂ ಕೊಂಚ ಪೆಟ್ಟು ಬೀಳುತ್ತದೆ. ಅಲ್ಲಿ ಉರಿಯೂತವಾಗಿ, ಅದನ್ನು ರಿಪೇರಿ ಮಾಡಲು ಶರೀರ ತನ್ನ ಶಕ್ತಿಯನ್ನು ಖರ್ಚು ಮಾಡುತ್ತದೆ. ಇದರ ಜೊತೆಗೆ ರಕ್ತ ಕಡಿಮೆಯಾಗಿರುವುದು, ಊಟ ಸೇರದಿರುವುದು, ನಿದ್ದೆಗೇಡು, ನೋವು, ಪ್ರಯಾಣ, ಮನಸ್ಸಿನ ಕೊರಗು ಇವು ಒಂದೊಂದೂ ತಮ್ಮ ಪಾಲನ್ನು ಸೇರಿಸುತ್ತವೆ.

ಏನನ್ನು ಗಮನಿಸಬೇಕು?

ನಮ್ಮ ಹೆಣ್ಣುಮಕ್ಕಳು ತಾವಾಗಿಯೇ ಹೇಳುವುದು ಅಪರೂಪ. ವಾರಕ್ಕೊಮ್ಮೆ ವೈದ್ಯರು "ಹೇಗಿದ್ದೀರಮ್ಮಾ?" ಎಂದು ಕೇಳಿದರೆ "ಚೆನ್ನಾಗಿದ್ದೀನಿ ಸಾರ್" ಎಂದೇ ಉತ್ತರ. ಆದುದರಿಂದ ನೋಡುವ ಕಣ್ಣು ಮನೆಯವರದಾಗಬೇಕು.

ತಲೆ ಬಾಚಿಕೊಳ್ಳುವಾಗ ಕೈ ಇಳಿಸಿ ಇಳಿಸಿ ಸುಧಾರಿಸಿಕೊಳ್ಳುತ್ತಾಳೆಯೇ? ಸ್ನಾನ ಮಾಡಿ ಬಂದವಳು ಸೀರೆ ಉಡುವ ಮುಂಚೆ ಕುಳಿತುಬಿಡುತ್ತಾಳೆಯೇ? ಮೊದಲು ಒಂದೇ ಉಸಿರಿಗೆ ಏರುತ್ತಿದ್ದ ಅಟ್ಟದ ಏಣಿಯ ನಡುವೆ ನಿಲ್ಲುತ್ತಾಳೆಯೇ? ಸಾರಿಗೆ ಎರಡು ಸಲ ಉಪ್ಪು ಬಿದ್ದಿತೇ, ಒಲೆಯ ಮೇಲೆ ಹಾಲಿಟ್ಟದ್ದು ಮರೆತಿತೇ? ಇದೂ ಬಳಲಿಕೆಯ ಗುರುತೇ. ಸುಸ್ತು ಕೈಕಾಲಿಗೆ ಮಾತ್ರವಲ್ಲ, ಬುದ್ಧಿಗೂ ಬರುತ್ತದೆ. ಹೇಳಬೇಕೆಂದಿದ್ದ ಮಾತು ನಾಲಿಗೆಗೆ ಸಿಕ್ಕುವುದಿಲ್ಲ. ಲೆಕ್ಕ ತಪ್ಪುತ್ತದೆ. ಸಣ್ಣದಕ್ಕೆಲ್ಲ ಸಿಡುಕುತ್ತಾರೆ, ಇಲ್ಲವೇ ಅಳುತ್ತಾರೆ. ಅಕ್ಕಪಕ್ಕದವರು ಬಂದು ಕೂತರೆ ಎದ್ದು ಹೋದರೆ ಸಾಕೆನ್ನಿಸುತ್ತದೆ. ಮಾತಾಡುವುದಕ್ಕೂ ಶಕ್ತಿ ಬೇಕು ಎಂಬುದು ಗಟ್ಟಿಮುಟ್ಟಾಗಿರುವವರಿಗೆ ತಿಳಿಯುವುದಿಲ್ಲ.

ಆಸ್ಪತ್ರೆಗಳಲ್ಲಿ ಇದನ್ನು ಅಳೆಯಲು ಸರಳವಾದ ಒಂದು ಉಪಾಯವಿದೆ. ಸೊನ್ನೆಯೆಂದರೆ ಬಳಲಿಕೆ ಇಲ್ಲವೇ ಇಲ್ಲ, 10 ಎಂದರೆ ಇದಕ್ಕಿಂತ ಹೆಚ್ಚು ಊಹಿಸಲಾಗದು. ಇಂದು ಎಷ್ಟು ಎಂದು ಕೇಳುತ್ತಾರೆ. 1ರಿಂದ 3 ಅಲ್ಪ, 4ರಿಂದ 6 ಮಧ್ಯಮ, 7ರ ಮೇಲೆ ತೀವ್ರ. ಮನೆಯಲ್ಲಿಯೂ ಹೀಗೆ ಕೇಳಬಹುದು. ಹಾಲಿನ ಡೇರಿಯ ಲೆಕ್ಕ ಬರೆಯುವಂತಹ ಒಂದು ಚಿಕ್ಕ ಪುಸ್ತಕದಲ್ಲಿ ತಾರೀಖು, ಆ ದಿನದ ಅಂಕಿ, ರಾತ್ರಿ ಎಷ್ಟು ಹೊತ್ತು ನಿದ್ದೆ, ಏನು ಊಟ, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂದು ಶಾಲೆಗೆ ಹೋಗುವ ಮಗಳೋ ಮಗನೋ ಬರೆದರೂ ಆಯಿತು. ಅಂಕಿ 4ಕ್ಕೆ ಬಂದರೆ ಆ ಪುಸ್ತಕ ವೈದ್ಯರ ಮೇಜಿನ ಮೇಲೆ ಹೋಗಲಿ. "ಚೆನ್ನಾಗಿದ್ದೀನಿ" ಎಂಬ ಮಾತಿಗಿಂತ ಅದು ಹೆಚ್ಚು ಉಪಯುಕ್ತ.

ಪುಸ್ತಕ ನೋಡಿದ ವೈದ್ಯರು ಬೇರೆ ಕಾರಣಗಳನ್ನು ಹುಡುಕುತ್ತಾರೆ. ರಕ್ತಹೀನತೆ ನಮ್ಮ ಹೆಂಗಸರಲ್ಲಿ ಮೊದಲೇ ಹೆಚ್ಚು. ರಕ್ತ ಪರೀಕ್ಷೆಯಿಂದ ಕೂಡಲೇ ತಿಳಿಯುತ್ತದೆ, ಅದಕ್ಕೆ ಔಷಧವೂ ಉಂಟು. ಕತ್ತಿನ ಬುಡದವರೆಗೂ ಕಿರಣ ಕೊಟ್ಟಿದ್ದರೆ ಥೈರಾಯ್ಡ್ ಗ್ರಂಥಿ ತಿಂಗಳುಗಳು, ವರುಷಗಳ ಮೇಲೆ ಮಂದವಾಗಬಹುದು. ಇದಕ್ಕೂ ಪರೀಕ್ಷೆಯಿದೆ, ಮಾತ್ರೆಯಿದೆ. ಮನಸ್ಸಿನ ಕೊರಗಿನ ವಿಚಾರ ಸ್ವಲ್ಪ ಸೂಕ್ಷ್ಮ. ಬಳಲಿದವಳಿಗೆ ಮಾಡಬೇಕೆಂಬ ಆಸೆಯಿರುತ್ತದೆ, ಕೈಲಾಗುವುದಿಲ್ಲ. ಖಿನ್ನತೆಯುಳ್ಳವಳಿಗೆ ಆಸೆಯೇ ಬತ್ತಿರುತ್ತದೆ. ಮಗು ಬಂದು ತೊಡೆಯ ಮೇಲೆ ಕೂತರೂ ಮುಖ ಅರಳದು. ಎರಡೂ ಒಟ್ಟಿಗೆ ಇರುವುದೂ ಉಂಟು. ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಲ್ಲಿ ಬಂದರೆ ಒಂಟಿಯಾಗಿ ಬಿಡಬಾರದು, ಅಂದೇ ವೈದ್ಯರಿಗೆ ತಿಳಿಸಬೇಕು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು.

ನಡೆಯುವುದು ಒಳ್ಳೆಯದು

ಸುಸ್ತಾದವರನ್ನು ಮಲಗಿಸಬೇಕು ಎಂಬುದು ನಮ್ಮೆಲ್ಲರ ಅನಿಸಿಕೆ. ಇಲ್ಲಿ ಅದು ಅರ್ಧ ನಿಜ ಮಾತ್ರ. ದಿನವೆಲ್ಲ ಮಲಗಿದರೆ ಮಾಂಸಖಂಡಗಳು ಸೊರಗಿ, ರಾತ್ರಿಯ ನಿದ್ದೆ ಕೆಟ್ಟು, ಬಳಲಿಕೆ ಇನ್ನೂ ಹೆಚ್ಚುತ್ತದೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ತನದ ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಪಡೆಯುತ್ತಿದ್ದ 46 ಮಂದಿ ಹೆಂಗಸರ ಪೈಕಿ ಕೆಲವರಿಗೆ ಮನೆಯ ಸುತ್ತಮುತ್ತ ಕ್ರಮವಾಗಿ ನಡೆಯಲು ಹೇಳಲಾಗಿತ್ತು. ನಡೆದವರಿಗೆ ಬಳಲಿಕೆ ಕಡಿಮೆಯಿತ್ತು, ನಿದ್ದೆಯೂ ವಾಸಿಯಿತ್ತು. ಆಮೇಲಿನ ಅನೇಕ ಅಧ್ಯಯನಗಳೂ ಇದನ್ನೇ ತೋರಿಸಿವೆ.

ನಮ್ಮ ಬೆಂಗಳೂರಿನಲ್ಲಿಯೂ ಇಂಥ ಕೆಲಸ ನಡೆದಿದೆ. ಕಿರಣ ಚಿಕಿತ್ಸೆಯಲ್ಲಿದ್ದ 88 ಮಂದಿ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಯೋಗವನ್ನು ಕಲಿಸಿ, ಉಳಿದವರಿಗೆ ಧೈರ್ಯದ ಸಲಹೆಗಳನ್ನು ಮಾತ್ರ ಕೊಟ್ಟು ಹೋಲಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಯೋಗ ಮಾಡಿದವರಲ್ಲಿ ಬಳಲಿಕೆ, ನಿದ್ರಾಹೀನತೆ, ಮನಸ್ಸಿನ ಕಳವಳ ಇವು ಕಡಿಮೆಯಾಗಿದ್ದವು. ಇದು ಕಷ್ಟದ ಆಸನಗಳ ಮಾತಲ್ಲ. ಹಗುರವಾದ ಚಲನೆ, ನಿಧಾನವಾದ ಉಸಿರಾಟ, ವಿಶ್ರಾಂತಿ ಇಷ್ಟೇ.

ನಮ್ಮಲ್ಲಿ ತೆಂಗಿನ ನೆರಳಿಗೆ ಬರವಿಲ್ಲ. ತಂಪು ಹೊತ್ತಿನಲ್ಲಿ ತೋಟದ ಬದುವಿನ ಮೇಲೆ ಮೊದಲು 10 ನಿಮಿಷ, ಆಮೇಲೆ ಮೆಲ್ಲಗೆ 20, 30 ನಿಮಿಷ, ಯಾರಾದರೂ ಜೊತೆಗಿದ್ದು ನಡೆದರೆ ಸಾಕು. ಬರಿಗೈಯಲ್ಲಿ ನಡೆಯಬೇಕು. ಹೇಗೂ ಹೋಗುತ್ತೀಯಲ್ಲ ಎಂದು ತಲೆಯ ಮೇಲೆ ಸೋಗೆಯ ಹೊರೆ ಹೊರಿಸಬಾರದು. ಜ್ವರವಿದ್ದ ದಿನ, ತಲೆ ತಿರುಗುವ ದಿನ ನಡಿಗೆ ಬೇಡ. ಹಗಲು ನಿದ್ದೆ ಅರ್ಧ ಗಂಟೆಯಷ್ಟಿರಲಿ. ಸಂಜೆ ಮಲಗುವುದು ಬೇಡ.

ಉಳಿದ ಶಕ್ತಿಯನ್ನು ಹೇಗೆ ಖರ್ಚು ಮಾಡಬೇಕೆಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮೂರು ಫೇಸ್ ಕರೆಂಟು ದಿನಕ್ಕೆ ಇಷ್ಟೇ ಗಂಟೆ ಎಂದಾಗ ಯಾವ ಸಾಲಿಗೆ ಮೊದಲು ನೀರು ಬಿಡಬೇಕೆಂದು ನಾವು ಲೆಕ್ಕ ಹಾಕುವುದಿಲ್ಲವೇ? ಆಕೆಗೂ ದಿನದಲ್ಲಿ ಕೆಲವು ಗಂಟೆ ಮಾತ್ರ ಕೈಕಾಲಾಡುತ್ತವೆ, ಅನೇಕರಿಗೆ ಬೆಳಗಿನ ಹೊತ್ತು. ಆ ಹೊತ್ತು ಸ್ನಾನ, ಊಟ, ನಡಿಗೆ, ಮಕ್ಕಳು ಮತ್ತು ಆಕೆಗೇ ಇಷ್ಟವಾದ ಒಂದು ಕೆಲಸಕ್ಕೆ ಇರಲಿ. ನೀರು ಹೊರುವುದು, ಸಗಣಿ ಬಾಚುವುದು, ಬಟ್ಟೆ ಒಗೆಯುವುದು, ಕಾಯಿ ಚೀಲ ಎತ್ತುವುದು ಬೇರೆಯವರದಾಗಲಿ. ಬೇರೆಯವರೆಂದರೆ ಹತ್ತು ವರುಷದ ಮಗಳು ಎಂದು ಯಾರೂ ತಿಳಿಯತಕ್ಕದ್ದಲ್ಲ. ಗಂಡಸರು ಮುದ್ದೆ ತಿರುವಿದರೂ ಅದು ಬೇಯುತ್ತದೆ. ಆಪರೇಷನ್ ಆದ ಕಡೆಯ ತೋಳಿನಿಂದ ಭಾರ ಎತ್ತಿಸದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ತೋಳು ಬಾತುಕೊಳ್ಳುವ ಸಂಭವವಿರುತ್ತದೆ. ಅದಕ್ಕೆ ಹೇಳಿಕೊಟ್ಟ ವ್ಯಾಯಾಮವನ್ನು ಮಾತ್ರ ಬಿಡಬಾರದು.

ಪ್ರಯಾಣ, ಊಟ, ಎಣ್ಣೆ

ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರು. ಕಾಲು ಗಂಟೆಯ ಚಿಕಿತ್ಸೆಗಾಗಿ ದಿನಾಲೂ ಹೋಗಿ ಬಂದರೆ ಗಟ್ಟಿ ಆಳೂ ಒಂದು ವಾರದಲ್ಲಿ ಬಳಲುತ್ತಾನೆ. ಹುಳಿಯಾರು, ಹಂದನಕೆರೆ ಕಡೆಯವರಿಗೆ ರೈಲು ಹಿಡಿಯುವುದೇ ಒಂದು ಪ್ರಯಾಣ. ಸಾಧ್ಯವಾದಷ್ಟೂ ಚಿಕಿತ್ಸೆಯ ವಾರಗಳಲ್ಲಿ ಅಲ್ಲಿಯೇ ಉಳಿಯುವುದು ಮೇಲು. ನೆಂಟರ ಮನೆಯಿದ್ದರೆ ಸರಿ. ಇಲ್ಲವಾದರೆ ರೋಗಿಗಳಿಗೂ ಜೊತೆಯವರಿಗೂ ತಂಗಲು ಧರ್ಮಶಾಲೆಯ ಅನುಕೂಲವಿದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ಭೇಟಿಯಲ್ಲಿಯೇ ವಿಚಾರಿಸಬೇಕು. ಶನಿವಾರ ಭಾನುವಾರ ಊರಿಗೆ ಬಂದರೆ ಆ ಎರಡು ದಿನ ರಜೆಯೆಂದೇ ತಿಳಿಯಬೇಕು. ವಾರದ ಪಾತ್ರೆ, ವಾರದ ಬಟ್ಟೆ ಆಕೆಗಾಗಿ ಕಾದಿರಬಾರದು.

ಪಥ್ಯದ ಹೆಸರಿನಲ್ಲಿ ಮೊಸರು ಬೇಡ, ಮೊಟ್ಟೆ ಬೇಡ, ಬೇಳೆ ಬೇಡ ಎಂದು ಬರೀ ಗಂಜಿಗೆ ಇಳಿಸುವುದು ನಮ್ಮಲ್ಲಿರುವ ಕೆಟ್ಟ ಪದ್ಧತಿ. ರಿಪೇರಿ ಕೆಲಸಕ್ಕೆ ಸಾಮಾನು ಬೇಡವೇ? ರಾಗಿ ಮುದ್ದೆ, ಹುರುಳಿ ಅಥವಾ ಹೆಸರುಕಾಳಿನ ಸಾರು, ನುಗ್ಗೆ ಸೊಪ್ಪು, ಮೊಸರು, ತಿನ್ನುವವರಿಗೆ ಮೊಟ್ಟೆ ಮಾಂಸ ಎಲ್ಲವೂ ಆಗಬಹುದು. ಒಂದೇ ಸಲ ಸೇರದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಬೇಕು. ಎಳನೀರು ಒಳ್ಳೆಯದೇ, ಆದರೆ ಅದರಿಂದ ರಕ್ತ ಹೆಚ್ಚುವುದಿಲ್ಲ. ಸುಸ್ತೆಂದ ಕೂಡಲೇ ಪೇಟೆಗೆ ಕರೆದೊಯ್ದು ಗ್ಲೂಕೋಸ್ ಬಾಟಲಿ ಹಾಕಿಸುವುದು ಇನ್ನೊಂದು ರೂಢಿ. ವಾಂತಿ ಭೇದಿಯಾದವರಿಗೆ ಅದು ಬೇಕಾದೀತು. ಈ ಬಳಲಿಕೆಗೆ ಅದರಲ್ಲಿ ಔಷಧವಿಲ್ಲ.

ಮೈಕೈಗೆ ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮ ಸೀಮೆಯವರ ಹುಟ್ಟುಗುಣ. ಕಿರಣ ಬೀಳುವ ಜಾಗಕ್ಕೆ ಮಾತ್ರ ವೈದ್ಯರನ್ನು ಕೇಳದೆ ಎಣ್ಣೆ, ಅರಿಶಿನ, ಮುಲಾಮು ಯಾವುದನ್ನೂ ಹಚ್ಚಬಾರದು. ಚಿಕಿತ್ಸೆಗಾಗಿ ಬರೆದ ಗುರುತು ಅಳಿಸಿಹೋದರೆ ಮತ್ತೆ ಅಳತೆ ಹಾಕಬೇಕಾಗುತ್ತದೆ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. 100.4 ಡಿಗ್ರಿ ಮತ್ತು ಅದಕ್ಕೆ ಮೇಲ್ಪಟ್ಟ ಜ್ವರ, ಕುಳಿತಲ್ಲೇ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು, ಒಂದು ಕಾಲು ಅಥವಾ ತೋಳು ಮಾತ್ರ ಬಾತುಕೊಳ್ಳುವುದು, ಒಂದು ಹಗಲು ಒಂದು ರಾತ್ರಿ ಹಾಸಿಗೆಯಿಂದ ಏಳಲಾಗದಿರುವುದು, ಮಾತು ತೊದಲುವುದು, ಗುರುತು ಸಿಕ್ಕದಿರುವುದು. ಇವನ್ನು ಕಿರಣದ ಸುಸ್ತೆಂದು ಸುಮ್ಮನಿರಬಾರದು. ಚಿಕಿತ್ಸೆ ಮುಗಿದು ಆರು ತಿಂಗಳೊಳಗೆ ಒಣಕೆಮ್ಮು, ಉಬ್ಬಸ ಬಂದರೂ ಕಿರಣ ಕೊಟ್ಟ ವೈದ್ಯರಿಗೇ ತೋರಿಸಬೇಕು.

ಬಳಲಿಕೆ ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಇಳಿಯುತ್ತದೆ. ಒಂದು ದಿನ ಚೆನ್ನಾಗಿದ್ದು ಮರುದಿನ ಮತ್ತೆ ಮಲಗುವುದೂ ಉಂಟು. ಚೆನ್ನಾಗಿದ್ದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಹೋದದ್ದೇ ಅನೇಕ ವೇಳೆ ಅದಕ್ಕೆ ಕಾರಣ. ಆರು ತಿಂಗಳಾದರೂ ಹೋಗದಿದ್ದರೆ ಮತ್ತೆ ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸತಕ್ಕದ್ದು.

ಖರ್ಚಿನ ಬಗ್ಗೆ ಎರಡು ಮಾತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡುಳ್ಳ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಎಪಿಎಲ್ ಕುಟುಂಬಕ್ಕೆ ನಿಗದಿಯಾದ ದರದ ನೂರಕ್ಕೆ 30ರಂತೆ, ಒಂದೂವರೆ ಲಕ್ಷದವರೆಗೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ವಿಚಾರವನ್ನು ನಿಮ್ಮ ಆಶಾ ಕಾರ್ಯಕರ್ತೆಯವರಲ್ಲಿ ಕೇಳಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನ ಎರಡನೆಯ ದರ್ಜೆಯಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯವರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ಮೊದಲ ಸಲ ಹೋದಾಗಲೇ ಕೇಳಿ ಪಡೆಯಿರಿ. ಎರಡು ವಾರ ಪೂರ್ತಿ ಹಣ ತೆತ್ತ ಮೇಲೆ ಕೇಳಿದರೆ ಕೊಟ್ಟ ಹಣ ಹಿಂದಕ್ಕೆ ಬರುವುದಿಲ್ಲ.